ಜಿ-ಎ-ಜಿ ಅಂದರೆ ಗ್ಲುಟಾಮಿಕ್ ಆಸಿಡ್ ಅಂತ ಜೀವಕೋಶದಲ್ಲಿ ಯಾರಿಗೆ ಗೊತ್ತು?

ಹರಿಹರದ ಅಪ್ಪ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಓದಿದ್ದು ಬಿಕಾಂ. ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿದಿತ್ತು. ಮಗಳು ಈಗ ಸೆಕೆಂಡ್ ಪಿಯುಸಿ, ಜೊತೆಗೆ ನೀಟ್‌ಗೂ ಓದುತ್ತಿದ್ದಾಳೆ. ರಾತ್ರಿ ಊಟ ಆದ ಮೇಲೆ ಅವಳು ಪಾಠ ಒಪ್ಪಿಸುತ್ತಾಳೆ, ನಾನು ಪುಸ್ತಕ ಹಿಡಿದು ತಪ್ಪು ನೋಡುತ್ತೇನೆ. ಹೀಗೆ ಎರಡು ವರ್ಷದಲ್ಲಿ ನಾನೂ ಒಂದಿಷ್ಟು ಕಲಿತೆ.

ಕಳೆದ ವಾರ ಕೋಡಾನ್ ಪಟ್ಟಿ ಬಂತು. ಜೀನ್‌ನಿಂದ ಬರುವ ಸಂದೇಶ ಎ, ಯು, ಜಿ, ಸಿ ಅನ್ನುವ ನಾಲ್ಕು ಅಕ್ಷರದ್ದು, ಅವುಗಳ ಮೂರು ಮೂರು ಅಕ್ಷರದ 64 ಗುಂಪು, ಒಂದೊಂದಕ್ಕೂ ಕೋಡಾನ್ ಅಂತ ಹೆಸರು. ಅದರಲ್ಲಿ 61 ಗುಂಪು ಪ್ರೋಟೀನ್ ಸರಪಳಿಯ ಬಿಡಿ ಮಣಿಗಳಾದ ಅಮೈನೋ ಆಸಿಡ್‌ಗಳಿಗೆ, ಉಳಿದ ಮೂರು "ಇಲ್ಲಿಗೆ ನಿಲ್ಲಿಸು" ಅನ್ನುವುದಕ್ಕೆ. ಅದನ್ನು ದೊಡ್ಡದಾಗಿ ಬರೆದು ಅಡುಗೆಮನೆ ಬಾಗಿಲ ಮೇಲೆ ಅಂಟಿಸಿದ್ದಾಳೆ, ನೀರು ಕುಡಿಯಲು ಹೋದಾಗಲೂ ಕಣ್ಣಿಗೆ ಬೀಳಲಿ ಅಂತ. ಮೊನ್ನೆ ಒಪ್ಪಿಸುತ್ತಿದ್ದವಳು ಅರ್ಧಕ್ಕೆ ನಿಲ್ಲಿಸಿ ಕೇಳಿದಳು: "ಅಪ್ಪಾ, ಜಿ-ಎ-ಜಿ ಅಂದರೆ ಗ್ಲುಟಾಮಿಕ್ ಆಸಿಡ್ ಅಂತ ನನಗೆ ಬಾಗಿಲು ನೋಡಿದರೆ ಗೊತ್ತಾಗುತ್ತೆ. ಜೀವಕೋಶದ ಒಳಗೆ ಈ ಪಟ್ಟಿ ಎಲ್ಲಿ ಅಂಟಿಸಿದೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಕೋಚಿಂಗ್ ಕ್ಲಾಸಿನಲ್ಲಿ ಕೇಳಿದ್ದಕ್ಕೆ "ಅದು ಪರೀಕ್ಷೆಗೆ ಬರಲ್ಲ, ಪಟ್ಟಿ ಬಾಯಿಪಾಠ ಮಾಡು ಸಾಕು" ಅಂದರಂತೆ. ಅವಳಿಗೆ ಬೇಜಾರಾಗಿದೆ, ನನಗೂ. ಆ ಮೂರು ಅಕ್ಷರದ ಆಕಾರಕ್ಕೂ ಆ ಆಸಿಡ್‌ಗೂ ಬೀಗ-ಕೀಲಿ ಥರ ಏನಾದರೂ ಹೊಂದಾಣಿಕೆ ಇದೆಯಾ? ಅಥವಾ ನಡುವೆ ಇನ್ನೊಬ್ಬರು ನಿಂತು ಹೇಳುತ್ತಾರಾ?

ಇನ್ನೊಂದು ವಿಷಯ. ಸಿಕಲ್ ಸೆಲ್ ಕಾಯಿಲೆಯಲ್ಲಿ ಹಿಮೋಗ್ಲೋಬಿನ್‌ನ ಬೀಟಾ ಸರಪಳಿಯ ಆರನೇ ಅಮೈನೋ ಆಸಿಡ್ ಬದಲಾಗುತ್ತೆ ಅಂತ ಪುಸ್ತಕದಲ್ಲಿದೆ. ಅವಳು ಆ ಜೀನ್ ಹುಡುಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬೆರಳಿಟ್ಟು ಎಣಿಸಿದಳು: ಎ-ಯು-ಜಿ, ಜಿ-ಯು-ಜಿ, ಸಿ-ಎ-ಯು, ಸಿ-ಯು-ಜಿ, ಎ-ಸಿ-ಯು, ಸಿ-ಸಿ-ಯು, ಜಿ-ಎ-ಜಿ. ಜಿ-ಎ-ಜಿ ಏಳನೆಯದಾಗಿ ಬರುತ್ತೆ. ಪುಸ್ತಕ ತಪ್ಪಾ, ನಾವು ಎಣಿಸಿದ್ದು ತಪ್ಪಾ? ದಯವಿಟ್ಟು ಕನ್ನಡದಲ್ಲೇ ಬಿಡಿಸಿ ಹೇಳಿ.

ಲ್ಯಾಬ್ ಬೆಂಚ್ ಉತ್ತರ:

ಸರ್, ನಿಮ್ಮ ಮಗಳ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಾನು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ಪ್ರೋಟೀನ್ ತಯಾರಿಸುವ ಕೆಲಸ ಮಾಡುತ್ತೇನೆ. ಹೊಸದಾಗಿ ಸೇರುವ ಎಂಎಸ್ಸಿ ಹುಡುಗರಿಗೆ ಇದನ್ನೇ ಕೇಳುತ್ತೇನೆ. ಜಾಸ್ತಿ ಜನ "ರೈಬೋಸೋಮ್‌ಗೆ ಗೊತ್ತು" ಅನ್ನುತ್ತಾರೆ. ರೈಬೋಸೋಮ್ ಅಂದರೆ ಕೋಶದಲ್ಲಿ ಪ್ರೋಟೀನ್ ಹೆಣೆಯುವ ಯಂತ್ರ. ಅದಕ್ಕೆ ಗೊತ್ತಿಲ್ಲ.

ಮೊದಲು ಬೀಗ-ಕೀಲಿ ವಿಷಯ. ಜಿ-ಎ-ಜಿಗೂ ಗ್ಲುಟಾಮಿಕ್ ಆಸಿಡ್‌ಗೂ ನೇರ ಸಂಬಂಧ ಇಲ್ಲ. ಅವೆರಡೂ ಒಂದನ್ನೊಂದು ಮುಟ್ಟುವುದೇ ಇಲ್ಲ. ನಡುವೆ ಒಂದು ಪುಟ್ಟ ಆರ್‌ಎನ್‌ಎ (ಡಿಎನ್‌ಎ ಥರದ ಅಕ್ಷರಗಳ ಸರಪಳಿ) ಇದೆ, ಅದಕ್ಕೆ ಟ್ರಾನ್ಸ್‌ಫರ್ ಆರ್‌ಎನ್‌ಎ ಅನ್ನುತ್ತಾರೆ, ನಿಮ್ಮ ಮಗಳ ಪುಸ್ತಕದಲ್ಲಿ ಟಿಆರ್‌ಎನ್‌ಎ ಅಂತ ಇರುತ್ತೆ. ಅದರ ಒಂದು ತುದಿಯಲ್ಲಿ ಕೋಡಾನ್‌ಗೆ ಜೋಡಿಯಾಗುವ ಮೂರು ಅಕ್ಷರ. ಜಿ-ಎ-ಜಿಗೆ ಸಿ-ಯು-ಸಿ. ಇನ್ನೊಂದು ತುದಿಯಲ್ಲಿ ಅಮೈನೋ ಆಸಿಡ್ ಕೂತಿರುತ್ತೆ. ಎರಡು ತುದಿಗಳ ನಡುವೆ ಸುಮಾರು 7 ನ್ಯಾನೋಮೀಟರ್ ದೂರ. ಅಣುಗಳ ಲೆಕ್ಕದಲ್ಲಿ ಅದು ದೊಡ್ಡ ದೂರವೇ. ಇಂಥ ಒಂದು ದುಭಾಷಿ ಇರಲೇಬೇಕು ಅಂತ ಫ್ರಾನ್ಸಿಸ್ ಕ್ರಿಕ್ 1955ರಲ್ಲೇ ಊಹಿಸಿದ್ದರು, ಆಗ ಅದನ್ನು ಯಾರೂ ಕಂಡಿರಲಿಲ್ಲ.

ರೈಬೋಸೋಮ್ ನೋಡುವುದು ಈ ಕಡೆಯ ಮೂರು ಅಕ್ಷರ ಸರಿಯಾಗಿ ಕೂತಿದೆಯಾ ಅನ್ನುವುದನ್ನು. ಆ ಕಡೆ ತುದಿಯಲ್ಲಿ ಯಾವ ಅಮೈನೋ ಆಸಿಡ್ ಇದೆ ಅಂತ ಪರೀಕ್ಷಿಸುವುದಿಲ್ಲ. ಇದನ್ನು 1962ರಲ್ಲಿ ಒಂದು ಚೆಂದದ ಪ್ರಯೋಗ ತೋರಿಸಿತು. ಸಿಸ್ಟೀನ್ ಅನ್ನುವ ಅಮೈನೋ ಆಸಿಡ್‌ನಲ್ಲಿ ಗಂಧಕ ಇದೆ. ಆ ಗಂಧಕ ಕಿತ್ತರೆ ಅದು ಅಲನೀನ್ ಆಗಿಬಿಡುತ್ತೆ. ಶಾಪ್‌ವಿಲ್, ಲಿಪ್‌ಮನ್ ಮತ್ತು ಅವರ ಜೊತೆಯವರು ಸಿಸ್ಟೀನ್‌ಗೆ ಮೀಸಲಾದ ಟಿಆರ್‌ಎನ್‌ಎ ಮೇಲೆ ಸಿಸ್ಟೀನ್ ಕೂತ ಮೇಲೆ, ನಿಕ್ಕಲ್ ಬಳಸಿ ಗಂಧಕ ತೆಗೆದರು. ಈಗ ಟಿಆರ್‌ಎನ್‌ಎ ಸಿಸ್ಟೀನ್‌ನದು, ಮೇಲೆ ಕೂತಿರುವುದು ಅಲನೀನ್. ರೈಬೋಸೋಮ್ ಏನು ಮಾಡಿತು? ಸಿಸ್ಟೀನ್ ಬರಬೇಕಾದ ಜಾಗಕ್ಕೆಲ್ಲ ಅಲನೀನ್ ಸೇರಿಸಿತು. ಪಾರ್ಸೆಲ್ ಇಳಿಸುವವರು ಚೀಟಿ ಓದುತ್ತಾರೆ, ಡಬ್ಬ ಬಿಚ್ಚಿ ನೋಡುವುದಿಲ್ಲವಲ್ಲ, ಹಾಗೆ.

ಅಂದಮೇಲೆ ಜವಾಬ್ದಾರಿ ಎಲ್ಲ ಡಬ್ಬ ಕಟ್ಟಿ ಚೀಟಿ ಅಂಟಿಸುವವರದು. ಅವರು ಎಂಜೈಮ್‌ಗಳು, ಅಮಿನೋಅಸೈಲ್ ಟಿಆರ್‌ಎನ್‌ಎ ಸಿಂಥೆಟೇಸ್ ಅಂತ ಉದ್ದದ ಹೆಸರು, ನಾವು ಲ್ಯಾಬಿನಲ್ಲಿ ಸಿಂಥೆಟೇಸ್ ಅಂತಷ್ಟೇ ಅನ್ನುತ್ತೇವೆ. ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ 20 ಅಮೈನೋ ಆಸಿಡ್‌ಗೆ 20 ಸಿಂಥೆಟೇಸ್. ಪ್ರತಿಯೊಂದಕ್ಕೂ ಒಂದು ಕುಳಿಯಲ್ಲಿ ತನ್ನ ಅಮೈನೋ ಆಸಿಡ್ ಮಾತ್ರ ಕೂರುತ್ತೆ, ಇನ್ನೊಂದು ಕಡೆ ತನ್ನ ಟಿಆರ್‌ಎನ್‌ಎ ಮಾತ್ರ ಹಿಡಿಯುತ್ತೆ, ಎಟಿಪಿ ಅನ್ನುವ ಕೋಶದ ಇಂಧನ ಖರ್ಚು ಮಾಡಿ ಎರಡನ್ನೂ ಬೆಸೆಯುತ್ತೆ. ಜಿ-ಎ-ಜಿಯೂ ಗ್ಲುಟಾಮಿಕ್ ಆಸಿಡ್ಡೂ ಸಂಬಂಧ ಪಡೆಯುವ ಜಾಗ ಇದೊಂದೇ. ನಿಮ್ಮ ಮಗಳಿಗೆ ಹೇಳಿ, ಆ ಪಟ್ಟಿ ಒಂದೇ ಕಡೆ ಅಂಟಿಸಿಲ್ಲ, ತುಂಡು ತುಂಡಾಗಿ ಈ ಇಪ್ಪತ್ತು ಎಂಜೈಮ್‌ಗಳ ಕೈಯಲ್ಲಿದೆ.

ಇವು ಎಷ್ಟು ಹುಷಾರು ಅಂದರೆ, ಐಸೋಲ್ಯೂಸಿನ್‌ಗೂ ವ್ಯಾಲಿನ್‌ಗೂ ಇರುವ ವ್ಯತ್ಯಾಸ ಒಂದು ಇಂಗಾಲ, ಎರಡು ಹೈಡ್ರೋಜನ್, ಅಷ್ಟೇ. ವ್ಯಾಲಿನ್ ಚಿಕ್ಕದು, ಹಾಗಾಗಿ ಐಸೋಲ್ಯೂಸಿನ್‌ನ ಕುಳಿಯೊಳಗೆ ಸುಲಭವಾಗಿ ನುಸುಳುತ್ತೆ. ಅದಕ್ಕೇ ಆ ಸಿಂಥೆಟೇಸ್‌ನಲ್ಲಿ ಎರಡು ಜರಡಿ. ಮೊದಲ ಜರಡಿ ದೊಡ್ಡವನ್ನು ತಡೆಯುತ್ತೆ. ಎರಡನೆಯದರ ಕಣ್ಣು ಇನ್ನೂ ಸಣ್ಣದು, ಅದರೊಳಗೆ ಐಸೋಲ್ಯೂಸಿನ್ ಹಿಡಿಸುವುದಿಲ್ಲ, ವ್ಯಾಲಿನ್ ಬಿದ್ದರೆ ಕತ್ತರಿಸಿ ಹೊರಗೆ ಹಾಕುತ್ತೆ. ಕೊನೆಗೆ ಐಸೋಲ್ಯೂಸಿನ್ ಜಾಗದಲ್ಲಿ ವ್ಯಾಲಿನ್ ಸೇರುವುದು ಸುಮಾರು 3000ಕ್ಕೆ ಒಂದು ಸಲ.

ಅಲನೀನ್‌ನ ಕಥೆ ಇನ್ನೂ ಸ್ವಾರಸ್ಯ. ಅದರ ಸಿಂಥೆಟೇಸ್ ಆ ಮೂರು ಅಕ್ಷರ ನೋಡುವುದೇ ಇಲ್ಲ! ಟಿಆರ್‌ಎನ್‌ಎಯ ಬೇರೆ ಕಡೆ ಇರುವ ಒಂದು ಜಿ-ಯು ಜೋಡಿ ನೋಡಿ ಗುರುತು ಹಿಡಿಯುತ್ತೆ. 1988ರಲ್ಲಿ ಆ ಒಂದು ಜೋಡಿಯನ್ನು ಸಿಸ್ಟೀನ್‌ನ ಟಿಆರ್‌ಎನ್‌ಎಯಲ್ಲಿ ಇಟ್ಟು ನೋಡಿದರು, ಅದರ ಮೇಲೆ ಅಲನೀನ್ ಬಂದು ಕೂತಿತು. ನನಗೆ ಇದು ಮೊದಲ ಸಲ ಓದಿದಾಗ ರಾತ್ರಿ ನಿದ್ದೆ ಬರಲಿಲ್ಲ.

ಎಣಿಕೆ ವಿಷಯಕ್ಕೆ ಆಮೇಲೆ ಬರುತ್ತೇನೆ. ಸದ್ಯಕ್ಕೆ ಇಷ್ಟು ಹೇಳಬಲ್ಲೆ: ನೀವು ಎಣಿಸಿದ್ದೂ ಸರಿ, ಪುಸ್ತಕವೂ ಸರಿ.

ಪಿಯು ಮೇಷ್ಟ್ರು ಉತ್ತರ:

ಮೇಲಿನವರು ಒಳ್ಳೆಯ ಉತ್ತರ ಕೊಟ್ಟಿದ್ದಾರೆ. ನಾನು ಪಾಠ ಮಾಡುವ ರೀತಿ ಸೇರಿಸುತ್ತೇನೆ. ಮಗುವಿಗೆ ಇದು ಪರೀಕ್ಷೆಗೂ ಉಪಯೋಗಕ್ಕೆ ಬರುತ್ತೆ, ಬರಲ್ಲ ಅಂದವರ ಮಾತು ಬಿಡಿ.

ಮೊದಲು, ಮೂರೇ ಅಕ್ಷರ ಯಾಕೆ. ಅಕ್ಷರ ಇರುವುದು ನಾಲ್ಕು. ಒಂದೊಂದಾಗಿ ಓದಿದರೆ 4 ಪದ, ಎರಡೆರಡಾಗಿ ಓದಿದರೆ 16, ಮೂರು ಮೂರಾಗಿ ಓದಿದರೆ 64. ಅಮೈನೋ ಆಸಿಡ್ 20 ಇರುವುದರಿಂದ ಮೂರಾದರೂ ಬೇಕು. 1954ರಲ್ಲಿ ಜಾರ್ಜ್ ಗ್ಯಾಮೋ ಅನ್ನುವ ಭೌತ ವಿಜ್ಞಾನಿ ಈ ಲೆಕ್ಕ ಮುಂದಿಟ್ಟರು. ಅವರೂ ನಿಮ್ಮ ಹಾಗೇ ಬೀಗ-ಕೀಲಿ ಅಂದುಕೊಂಡಿದ್ದರು ಸರ್. ಡಿಎನ್‌ಎಯ ಸಂದುಗಳಲ್ಲಿ ಅಮೈನೋ ಆಸಿಡ್ ನೇರವಾಗಿ ಕೂರುತ್ತೆ ಅಂತ. ಅದು ತಪ್ಪಾಯಿತು, ಆದರೆ ಮೂರರ ಲೆಕ್ಕ ಉಳಿಯಿತು.

ಲೆಕ್ಕ ಬೇರೆ, ಪುರಾವೆ ಬೇರೆ. ಪುರಾವೆ ಹೇಗೆ ಸಿಕ್ಕಿತು ಅಂತ ತೋರಿಸಲು ನಾನು ಬೋರ್ಡ್ ಮೇಲೆ ಒಂದು ಸಾಲು ಬರೆಯುತ್ತೇನೆ:

ಅವರ ಮಗಳ ಸರದ ಹವಳ

ನಾಲ್ಕೂ ಪದ ಮೂರು ಅಕ್ಷರದವು. ಈಗ ಜಾಗ ಬಿಡದೆ ಬರೆಯಿರಿ: ಅವರಮಗಳಸರದಹವಳ. ಓದುವವರಿಗೆ ಮೂರು ಮೂರು ಅಕ್ಷರ ತೆಗೆದುಕೊಳ್ಳುವುದೊಂದೇ ಗೊತ್ತು. ಎರಡನೇ ಅಕ್ಷರ ವ ಅಳಿಸಿ. ಆಗ ಓದು ಹೀಗಾಗುತ್ತೆ: ಅರಮ, ಗಳಸ, ರದಹ, ವಳ. ಪೂರ್ತಿ ಕೆಟ್ಟುಹೋಯಿತು ಅಲ್ವಾ? ಇನ್ನೊಂದು ಅಕ್ಷರ ಮ ಕೂಡ ಅಳಿಸಿ: ಅರಗ, ಳಸರ, ದಹವ, ಳ. ಈಗಲೂ ಅಷ್ಟೇ. ಮೂರನೆಯದಾಗಿ ಮಗಳ ಪದದ ಳ ಅಳಿಸಿ: ಅರಗ, ಸರದ, ಹವಳ. ನೋಡಿ, ಶುರುವಿನಲ್ಲಿ ಸ್ವಲ್ಪ ಹಾಳಾದರೂ ಸರದ ಹವಳ ವಾಪಸ್ ಬಂತು!

ಕ್ರಿಕ್, ಸಿಡ್ನಿ ಬ್ರೆನ್ನರ್ ಮತ್ತು ಅವರ ಸಂಗಡಿಗರು 1961ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಮಾಡಿದ್ದು ಇದನ್ನೇ. ಬ್ಯಾಕ್ಟೀರಿಯಾವನ್ನು ತಿನ್ನುವ ಒಂದು ವೈರಸ್‌ನ ಜೀನ್‌ನಲ್ಲಿ ಒಂದು ಅಕ್ಷರ ಅಳಿಸಿದರೆ ಅಥವಾ ಸೇರಿಸಿದರೆ ಜೀನ್ ಸತ್ತಿತು, ಅದೇ ಬಗೆಯ ಎರಡು ಮಾಡಿದರೂ ಸತ್ತಿತು, ಮೂರು ಮಾಡಿದಾಗ ಮತ್ತೆ ಕೆಲಸ ಮಾಡಿತು. ಮಕ್ಕಳು ಬೋರ್ಡ್ ಮೇಲೆ ತಾವೇ ಅಕ್ಷರ ಅಳಿಸಿ ನೋಡಿದಾಗ ಅವರ ಮುಖ ನೋಡಬೇಕು ನೀವು.

ಯಾವ ಕೋಡಾನ್‌ಗೆ ಯಾವ ಆಸಿಡ್ ಅನ್ನುವುದರ ಮೊದಲ ಉತ್ತರವೂ ಅದೇ ವರ್ಷದ್ದು. ಅಮೆರಿಕದ ಬೆಥೆಸ್ಡಾದಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಚ್ ಮಥೇಯಿ ಬ್ಯಾಕ್ಟೀರಿಯಾ ಒಡೆದು ಅದರ ರಸ ತೆಗೆದು, ಬರೀ ಯು ಯು ಯು ಅಂತ ಇರುವ ಆರ್‌ಎನ್‌ಎ ಹಾಕಿದರು. ವಿಕಿರಣದ ಗುರುತು ಹಾಕಿದ ಅಮೈನೋ ಆಸಿಡ್‌ಗಳನ್ನು ಬಿಡಿಸಿ ಬಿಡಿಸಿ ಪರೀಕ್ಷಿಸಿದರು. ಮೇ 27ರಂದು ಫಿನೈಲ್ ಅಲನೀನ್ ಇದ್ದ ಟ್ಯೂಬಿನಲ್ಲಿ ಮಾತ್ರ ಪ್ರೋಟೀನ್ ಸರಪಳಿ ಬೆಳೆದಿತ್ತು. ಯು-ಯು-ಯು ಅಂದರೆ ಫಿನೈಲ್ ಅಲನೀನ್. ಪಟ್ಟಿಯ ಮೊದಲ ಮನೆ ತುಂಬಿತು.

ಆಮೇಲೆ ಹರಗೋವಿಂದ ಖುರಾನಾ. ಈಗ ಪಾಕಿಸ್ತಾನದಲ್ಲಿರುವ ಪಂಜಾಬಿನ ರಾಯ್‌ಪುರ ಅನ್ನುವ ಪುಟ್ಟ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದವರು. ಅವರು ವಿಸ್ಕಾನ್ಸಿನ್‌ನಲ್ಲಿ ತಮಗೆ ಬೇಕಾದ ಅಕ್ಷರಗಳ ಸರಪಳಿಯನ್ನು ತಾವೇ ಕಟ್ಟುವುದು ಕಲಿತಿದ್ದರು. ಯು-ಸಿ-ಯು-ಸಿ ಅಂತ ಕಟ್ಟಿದರೆ ಮೂರು ಮೂರಾಗಿ ಓದಿದಾಗ ಯು-ಸಿ-ಯು, ಸಿ-ಯು-ಸಿ, ಯು-ಸಿ-ಯು ಹೀಗೆ ಒಂದಾದ ಮೇಲೊಂದು ಬರುತ್ತೆ. ಅದರಿಂದ ಹುಟ್ಟಿದ ಪ್ರೋಟೀನ್‌ನಲ್ಲಿ ಸೆರಿನ್, ಲ್ಯೂಸಿನ್, ಸೆರಿನ್, ಲ್ಯೂಸಿನ್. 1966ರ ಹೊತ್ತಿಗೆ 64 ಮನೆಯೂ ತುಂಬಿತ್ತು. 1968ರಲ್ಲಿ ನಿರೆನ್‌ಬರ್ಗ್, ಖುರಾನಾ, ಮತ್ತೆ ಮೊದಲ ಬಾರಿಗೆ ಒಂದು ಟಿಆರ್‌ಎನ್‌ಎಯ ಪೂರ್ತಿ ಅಕ್ಷರಗಳನ್ನು ಓದಿದ ರಾಬರ್ಟ್ ಹಾಲಿ, ಮೂವರಿಗೂ ಸೇರಿ ನೊಬೆಲ್ ಬಂತು. ಅದು ಅಲನೀನ್‌ನ ಟಿಆರ್‌ಎನ್‌ಎ.

ಇನ್ನೊಬ್ಬರ ಹೆಸರು ಪಠ್ಯಪುಸ್ತಕಗಳಲ್ಲಿ ಸಿಗುವುದು ಕಡಿಮೆ, ಅದಕ್ಕೇ ಇಲ್ಲಿ ಬರೆಯುತ್ತೇನೆ. ಒಬೈದ್ ಸಿದ್ದಿಕಿ. 1962ರಲ್ಲಿ ಅವರೂ ಅಲನ್ ಗೇರನ್ ಅವರೂ ಪ್ರೋಟೀನ್ ಅರ್ಧಕ್ಕೇ ನಿಂತುಹೋಗುವಂಥ ಬದಲಾವಣೆಗಳ ಬಗ್ಗೆ ಮಾಡಿದ ಕೆಲಸ, "ನಿಲ್ಲಿಸು" ಅನ್ನುವ ಕೋಡಾನ್‌ಗಳಿವೆ ಅಂತ ಕಂಡುಕೊಳ್ಳಲು ದಾರಿ ಮಾಡಿತು. ಮುಂದೆ ಬೆಂಗಳೂರಿನ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಕಟ್ಟಿದವರು ಅವರೇ. ಬಾಗಿಲ ಮೇಲಿನ ಪಟ್ಟಿಯಲ್ಲಿ ಯು-ಎ-ಜಿ ನೋಡಿದಾಗ ಮಗು ಅವರನ್ನೂ ನೆನೆಯಲಿ.

ಕಾಡಂಚಿನ ಸಿಸ್ಟರ್ ಉತ್ತರ:

ನಾನು ಚಾಮರಾಜನಗರ ಕಡೆ ಹಾಡಿಗಳಲ್ಲಿ ಸಿಕಲ್ ಸೆಲ್ ಪರೀಕ್ಷೆ ಮಾಡಲು ಹೋಗುವ ನರ್ಸ್. ನೀವೆಲ್ಲ ಮಾತಾಡುತ್ತಿರುವ ಆ ಒಂದು ಅಕ್ಷರದ ತಪ್ಪನ್ನು ನಾನು ಕಣ್ಣಾರೆ ನೋಡುತ್ತೇನೆ, ಅದಕ್ಕೆ ಬರೆಯೋಣ ಅನ್ನಿಸಿತು.

ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ಟ್ಯೂಬಿನಲ್ಲಿರುವ ದ್ರಾವಣಕ್ಕೆ ಹಾಕುತ್ತೇವೆ. ಆ ದ್ರಾವಣ ರಕ್ತಕಣ ಒಡೆದು, ಆಕ್ಸಿಜನ್ ತೆಗೆದುಬಿಡುತ್ತೆ. ಸ್ವಲ್ಪ ಹೊತ್ತು ಕಾದು, ಟ್ಯೂಬಿನ ಹಿಂದೆ ಕಪ್ಪು ಗೆರೆ ಎಳೆದ ಕಾರ್ಡ್ ಹಿಡಿಯುತ್ತೇವೆ. ಗೆರೆ ಸ್ಪಷ್ಟವಾಗಿ ಕಂಡರೆ ಸರಿ. ದ್ರಾವಣ ಮಬ್ಬಾಗಿ ಗೆರೆ ಮರೆಯಾದರೆ ಸಿಕಲ್ ಹಿಮೋಗ್ಲೋಬಿನ್ ಇದೆ ಅಂತ. ವಾಹಕರೋ (ಜೀನ್‌ನ ಎರಡು ಪ್ರತಿಯಲ್ಲಿ ಒಂದರಲ್ಲಿ ಮಾತ್ರ ಈ ತಪ್ಪು ಇರುವವರು) ಕಾಯಿಲೆ ಇರುವವರೋ ಅನ್ನುವುದು ಇದರಲ್ಲಿ ತಿಳಿಯುವುದಿಲ್ಲ, ಅದಕ್ಕೆ ಇನ್ನೊಂದು ಪರೀಕ್ಷೆಗೆ ಕಳಿಸಬೇಕು.

ಆ ಮಬ್ಬು ಯಾಕೆ ಅಂತ ನಮ್ಮ ತರಬೇತಿಯಲ್ಲಿ ಹೇಳಿಕೊಟ್ಟಿದ್ದು ಹೀಗೆ. ಜಿ-ಎ-ಜಿ ಇರಬೇಕಾದ ಕಡೆ ಜಿ-ಯು-ಜಿ ಆಗಿದೆ. ಗ್ಲುಟಾಮಿಕ್ ಆಸಿಡ್ ಹೋಗಿ ವ್ಯಾಲಿನ್ ಬಂದಿದೆ. ಗ್ಲುಟಾಮಿಕ್ ಆಸಿಡ್‌ಗೆ ವಿದ್ಯುತ್ ಅಂಶ ಇದೆ, ಅದು ನೀರಿನ ಜೊತೆ ಹೊಂದಿಕೊಂಡಿರುತ್ತೆ. ವ್ಯಾಲಿನ್ ಎಣ್ಣೆಯ ಸ್ವಭಾವದ್ದು, ನೀರಿನಿಂದ ತಪ್ಪಿಸಿಕೊಳ್ಳಲು ಪಕ್ಕದ ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುತ್ತೆ, ಅದೂ ಆಕ್ಸಿಜನ್ ಬಿಟ್ಟುಕೊಟ್ಟ ಹೊತ್ತಿನಲ್ಲಿ. ಒಂದಕ್ಕೊಂದು ಅಂಟಿ ಉದ್ದುದ್ದ ಎಳೆಗಳಾಗುತ್ತವೆ, ರಕ್ತಕಣ ಕುಡುಗೋಲಿನ ಹಾಗೆ ಬಾಗುತ್ತೆ. ಬೀಟಾ ಸರಪಳಿಯ 146 ಅಮೈನೋ ಆಸಿಡ್‌ಗಳಲ್ಲಿ ಒಂದೇ ಒಂದು ಬದಲಾಗಿದೆ, ಅಷ್ಟಕ್ಕೇ ಒಬ್ಬ ಹುಡುಗ ಚಳಿಗಾಲ ಬಂತೆಂದರೆ ಕೈಕಾಲು ಮೂಳೆ ನೋವು ಅಂತ ರಾತ್ರಿಯೆಲ್ಲ ಅಳುತ್ತಾನೆ. ನಾನು ಅವನ ತಾಯಿಯ ಪಕ್ಕ ಕೂತು ನೋಡಿದ್ದೇನೆ.

ತಾಯಿ ತಂದೆ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಮೊದಲ ಮಗು ಹುಷಾರಾಗಿದ್ದರೆ ಎರಡನೆಯದಕ್ಕೆ ಬರುತ್ತೆ ಅಂತಲ್ಲ, ಇದನ್ನು ಮನೆಮನೆಗೆ ಬಿಡಿಸಿ ಹೇಳಬೇಕಾಗುತ್ತೆ. ವಾಹಕರಿಗೆ ಸಾಮಾನ್ಯವಾಗಿ ತೊಂದರೆ ಇರುವುದಿಲ್ಲ, ಜೋರು ಮಲೇರಿಯಾದಿಂದ ಅವರಿಗೆ ಒಂದಿಷ್ಟು ರಕ್ಷಣೆಯೂ ಇದೆ. ಕಾಡಿನ ಜನರಲ್ಲಿ ಇದು ಉಳಿದುಕೊಂಡು ಬಂದದ್ದಕ್ಕೆ ಅದೂ ಕಾರಣ. 2023ರ ಜುಲೈನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಗೆ ಅಂತಲೇ ಒಂದು ಅಭಿಯಾನ ಶುರು ಮಾಡಿತು, ಆಮೇಲೆ ಪರೀಕ್ಷೆಗಳು ಜಾಸ್ತಿಯಾಗಿವೆ.

ಮಗಳು ಡಾಕ್ಟರ್ ಆದರೆ ಒಂದು ಸಲ ನಮ್ಮ ಕಡೆ ಬರಲಿ ಸರ್.

ಹರಿಹರದ ಅಪ್ಪ:

ಮೂವರಿಗೂ ತುಂಬಾ ಧನ್ಯವಾದ. ಸಿಸ್ಟರ್, ನಿಮ್ಮ ಬರಹ ಜೋರಾಗಿ ಓದಿದೆ, ಅವಳು ಸುಮ್ನೆ ಕೂತು ಕೇಳಿದಳು. ಮೇಷ್ಟ್ರೆ, ಬಾಗಿಲ ಮೇಲಿನ ಪಟ್ಟಿಯ ಕೆಳಗೆ ಈಗ ಅವರ ಮಗಳ ಸರದ ಹವಳ ಅಂತ ಬರೆದಿದ್ದಾಳೆ. ಸರದ ಅನ್ನುವುದರಲ್ಲಿ ಸ ತೆಗೆದು ಮ ಹಾಕಿ "ಮರದ ಹವಳ" ಮಾಡಿ, "ಇದು ಸಿಕಲ್ ಸೆಲ್ ಥರ, ಒಂದೇ ಪದ ಬದಲಾಯಿತು, ಉಳಿದವು ಹಾಗೇ ಇವೆ" ಅಂತ ನನಗೇ ಪಾಠ ಹೇಳಿದಳು.

ಲ್ಯಾಬ್ ಬೆಂಚ್ ಅವರೇ, ಅವಳದ್ದು ಮತ್ತೆರಡು ಪ್ರಶ್ನೆ. ಪಟ್ಟಿ ಸಿಂಥೆಟೇಸ್‌ಗಳ ಕೈಯಲ್ಲಿದೆ ಅಂದಿರಿ. ಆದರೆ ಸಿಂಥೆಟೇಸ್ ಕೂಡ ಪ್ರೋಟೀನ್ ಅಲ್ವಾ? ಅದನ್ನು ಮಾಡಲೂ ಪಟ್ಟಿ ಬೇಕಲ್ಲ? ಮತ್ತೆ, ಎಲ್ಲ ಜೀವಿಗಳಲ್ಲೂ ಇದೇ ಪಟ್ಟಿನಾ? ಆ ಆರು-ಏಳರ ಲೆಕ್ಕವನ್ನೂ ಮರೆಯಬೇಡಿ.

ಲ್ಯಾಬ್ ಬೆಂಚ್:

ಹೌದು, ಸಿಂಥೆಟೇಸ್ ಮಾಡಲು ಸಿಂಥೆಟೇಸ್ ಬೇಕು. ಅದಕ್ಕೇ ಯಾವ ಜೀವಕೋಶವೂ ಬರೀ ಡಿಎನ್‌ಎಯಿಂದ ಶುರುವಾಗುವುದಿಲ್ಲ. ತಾಯಿಯ ಅಂಡಾಣುವಿನಲ್ಲಿ ಡಿಎನ್‌ಎ ಜೊತೆಗೆ ಸಿಂಥೆಟೇಸ್, ಟಿಆರ್‌ಎನ್‌ಎ, ರೈಬೋಸೋಮ್ ಎಲ್ಲ ಮೊದಲೇ ತಯಾರಿರುತ್ತವೆ. ಹೆಪ್ಪು ಹಾಕಲು ಹಳೇ ಮೊಸರು ಬೇಕಲ್ಲ, ಹಾಗೆ. ತಾಯಿಯಿಂದ ಮಗುವಿಗೆ, ಒಂದು ಕೋಶದಿಂದ ಎರಡಕ್ಕೆ, ಈ ಹೆಪ್ಪು ಎಲ್ಲೂ ಕಡಿಯದೆ ನಡೆದುಬಂದಿದೆ.

ಪಟ್ಟಿ ಹೆಚ್ಚುಕಡಿಮೆ ಎಲ್ಲ ಜೀವಿಗಳಲ್ಲೂ ಒಂದೇ. ಬೆಂಗಳೂರಿನ ಬಯೋಕಾನ್‌ನವರು ಮನುಷ್ಯರ ಇನ್ಸುಲಿನ್ ತಯಾರಿಸುವುದು ಯೀಸ್ಟ್‌ನಲ್ಲಿ. ಯೀಸ್ಟ್‌ಗೆ ಇನ್ಸುಲಿನ್ ಏನು ಅಂತ ಗೊತ್ತಿಲ್ಲ, ಆದರೂ 51 ಅಮೈನೋ ಆಸಿಡ್‌ಗಳೂ ಸರಿಯಾದ ಜಾಗದಲ್ಲೇ ಬರುತ್ತವೆ. 1968ರಲ್ಲಿ ಕ್ರಿಕ್ ಇದಕ್ಕೆ ಕೊಟ್ಟ ಕಾರಣ: ಒಮ್ಮೆ ಈ ಪಟ್ಟಿ ನೆಲೆಯಾದ ಮೇಲೆ ಒಂದು ಮನೆ ಬದಲಾಯಿಸಿದರೂ ಸಾವಿರಾರು ಪ್ರೋಟೀನ್ ಒಟ್ಟಿಗೆ ಕೆಡುತ್ತವೆ, ಹಾಗಾಗಿ ಅದು ಹೆಪ್ಪುಗಟ್ಟಿ ಉಳಿಯಿತು.

ಆದರೆ ಬೇರೆ ಪಟ್ಟಿ ನೋಡಲು ನಿಮ್ಮ ಮಗಳು ದೂರ ಹೋಗಬೇಕಿಲ್ಲ. ಅವಳ ದೇಹದ ಕೋಶಗಳಲ್ಲಿ ಶಕ್ತಿ ತಯಾರಿಸುವ ಪುಟ್ಟ ಭಾಗಗಳಾದ ಮೈಟೊಕಾಂಡ್ರಿಯಾಗಳಿಗೆ ತಮ್ಮದೇ ಡಿಎನ್‌ಎ ಇದೆ, ತಮ್ಮದೇ ಟಿಆರ್‌ಎನ್‌ಎ ಇದೆ. ಅಲ್ಲಿ ಯು-ಜಿ-ಎ ಅಂದರೆ ನಿಲ್ಲಿಸು ಅಲ್ಲ, ಟ್ರಿಪ್ಟೊಫ್ಯಾನ್! ಅದೇ ಕೋಶದಲ್ಲಿ ಮೈಟೊಕಾಂಡ್ರಿಯಾದಿಂದ ಹೊರಗೆ ಬಂದರೆ ಯು-ಜಿ-ಎ ನಿಲ್ಲಿಸು. ಇದು ತಿಳಿದದ್ದು 1979ರಲ್ಲಿ. ಅಕ್ಷರದಲ್ಲೇ ಅರ್ಥ ಇಲ್ಲ, ಓದುವವರ ಬಳಿ ಇದೆ ಅನ್ನುವುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ನನ್ನ ಬೆಂಚಿನ ಒಂದು ಅನುಭವ. ಅರ್ಜಿನೈನ್‌ಗೆ ಆರು ಕೋಡಾನ್‌ಗಳಿವೆ. ಅದರಲ್ಲಿ ಎ-ಜಿ-ಜಿ, ಎ-ಜಿ-ಎ ಎರಡಕ್ಕೆ ಬೇಕಾದ ಟಿಆರ್‌ಎನ್‌ಎ ಇ. ಕೋಲೈ ಹತ್ತಿರ ತುಂಬಾ ಕಡಿಮೆ. ಒಂದು ಮಾನವ ಜೀನ್ ಹಾಕಿ ನೋಡಿದಾಗ, ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಪಟ್ಟೆಗಳಾಗಿ ಬೇರ್ಪಡಿಸುವ ಜೆಲ್ ಮೇಲೆ ನನಗೆ ಬೇಕಾದ ಪಟ್ಟೆಯೇ ಇಲ್ಲ, ಕೆಳಗೆ ಮಸುಕಾಗಿ ತುಂಡುಗಳು. ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಕೊನೆಗೆ ಆ ಜಾಗಗಳಲ್ಲೆಲ್ಲ ಸಿ-ಜಿ-ಯು ಹಾಕಿಸಿ ಹೊಸ ಜೀನ್ ತರಿಸಿದೆ. ಅದೂ ಅರ್ಜಿನೈನೇ, ಪ್ರೋಟೀನ್‌ನಲ್ಲಿ ಒಂದು ಅಣುವೂ ಬದಲಾಗಿಲ್ಲ. ಈ ಸಲ ಜೆಲ್ ಬಣ್ಣದಿಂದ ಎತ್ತಿದಾಗ ಹೆಬ್ಬೆರಳು ಅಗಲದ ನೀಲಿ ಪಟ್ಟೆ.

ಇನ್ನು ಆರು-ಏಳು. ಮೊದಲ ಎ-ಯು-ಜಿ "ಇಲ್ಲಿಂದ ಶುರು" ಅನ್ನುವ ಗುರುತು, ಜೊತೆಗೆ ಮೆಥಿಯೋನಿನ್ ಕೂಡ. ಹಾಗಾಗಿ ಸರಪಳಿ ಹುಟ್ಟುವಾಗ ಮೆಥಿಯೋನಿನ್ ಮೊದಲು ಇರುತ್ತೆ, ಗ್ಲುಟಾಮಿಕ್ ಆಸಿಡ್ ಏಳನೆಯದೇ. ಸರಪಳಿ ಇನ್ನೂ ಬೆಳೆಯುತ್ತಿರುವಾಗಲೇ ಒಂದು ಎಂಜೈಮ್ ಬಂದು ಆ ಮೆಥಿಯೋನಿನ್ ಕತ್ತರಿಸುತ್ತೆ. ಆಮೇಲೆ ವ್ಯಾಲಿನ್ ಒಂದನೆಯದು, ಗ್ಲುಟಾಮಿಕ್ ಆಸಿಡ್ ಆರನೆಯದು. 1950ರ ದಶಕದಲ್ಲಿ ವರ್ನನ್ ಇಂಗ್ರಾಂ ಈ ವ್ಯತ್ಯಾಸ ಕಂಡುಹಿಡಿದಾಗ ಜೀನ್ ಓದುವ ದಾರಿಯೇ ಇರಲಿಲ್ಲ, ಕೈಯಲ್ಲಿದ್ದುದು ರಕ್ತದಿಂದ ತೆಗೆದ ಪ್ರೋಟೀನ್. ಅದಕ್ಕೇ ಎಣಿಕೆ ಪ್ರೋಟೀನ್‌ನದೇ ಉಳಿದುಬಂತು.

ಎಲ್ಲ ಪ್ರೋಟೀನ್‌ಗಳಲ್ಲೂ ಹೀಗೆ ಕತ್ತರಿಸುತ್ತಾ ಅಂತ ಅವಳು ಖಂಡಿತ ಕೇಳುತ್ತಾಳೆ. ಇಲ್ಲ. ಎರಡನೆಯದು ವ್ಯಾಲಿನ್, ಅಲನೀನ್, ಗ್ಲೈಸಿನ್ ಥರ ಚಿಕ್ಕ ಅಮೈನೋ ಆಸಿಡ್ ಆಗಿದ್ದರೆ ಮಾತ್ರ ಆ ಎಂಜೈಮ್‌ಗೆ ಕತ್ತರಿಸಲು ಜಾಗ ಸಿಗುತ್ತೆ. ಅವಳು ಬರೆದುಕೊಂಡ ಸಾಲಿನಲ್ಲಿ ಎರಡನೆಯದು ಜಿ-ಯು-ಜಿ ಇದೆಯಲ್ಲ, ಬಾಗಿಲ ಮೇಲಿನ ಪಟ್ಟಿಯಲ್ಲಿ ಅದು ಏನು ಅಂತ ನೋಡಲು ಹೇಳಿ.